ಕುಲಾಯಿಯ ಸುಳಿ

ಹೋದ ವಾರ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಮೈ ಓರೆ ಮಾಡಿಕೊಂಡು ನಡೆಯಬೇಕಾದ ಗಲ್ಲಿಯೊಳಗಿನ ಒಂದು ಅಂಗಡಿಯಲ್ಲಿ ನಿಂತಿದ್ದೆ. ಉಲ್ಲನ್ ಉಂಡೆಯನ್ನು ಕೈಗೆ ತೆಗೆದುಕೊಂಡವಳು ಬೆಲೆ ಕೇಳುವುದು ಬಿಟ್ಟು ಮೂಗಿಗೆ ಹಿಡಿದೆ. ಮೊದಲು ನುಸಿಗುಳಿಗೆಯ ಘಾಟು, ಅದರ ಕೆಳಗೆ ಸಣ್ಣಗೆ ಹೊಸ ದಾರದ ವಾಸನೆ. ಅಂಗಡಿಯ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

“ಏನಮ್ಮಾ, ಮಲ್ಲಿಗಿ ಹೂ ಅನ್ಕೊಂಡ್ರೇನು? ಮೂಸಿ ನೋಡಿ ತಗೊಳ್ಳೋ ಮಾಲಲ್ಲರಿ ಅದು.”

ನಾನು ನಗಬೇಕಿತ್ತು, ನಗು ಬರಲಿಲ್ಲ. ಆ ವಾಸನೆ ನನ್ನನ್ನು ಇಪ್ಪತ್ತಾರು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗಿ ಬಾದನಹಟ್ಟಿಯ ತವರುಮನೆಯ ಬಾಣಂತಿ ಕೋಣೆಯಲ್ಲಿ ಕೂರಿಸಿಬಿಟ್ಟಿತ್ತು. “ಅರಿಷಿಣ ಬಣ್ಣದ್ದು ಕೊಡ್ರಿ, ಅಂಚಿಗೆ ಕೆಂಪು” ಎಂದೆ. ಬಣ್ಣ ನಾನು ಆರಿಸಿದ್ದಲ್ಲ, ನನ್ನ ಮಗಳು ಸುಮಾ ಹೇಳಿ ಕಳಿಸಿದ್ದು. ಅವಳಿಗೀಗ ಎಂಟು ತಿಂಗಳು. ಚೊಚ್ಚಲ ಹೆರಿಗೆಗೆಂದು ಸಿರುಗುಪ್ಪದ ನನ್ನ ಮನೆಗೆ ಬಂದಿದ್ದಾಳೆ. ಬಂದ ದಿನವೇ ಅವಳದು ಒಂದು ಹಟ: “ಅವ್ವಾ, ನನ್ನ ಕೂಸಿಗೆ ದೊಡ್ಡವ್ವನ ಕೈಯಾಗಿನ ಕುಲಾಯಿನೇ ಬೇಕು. ನನ್ನ ತೊಟ್ಟಿಲದಾಗ ಹಾಕಿದ್ರಲ್ಲ, ಅಂಥಾದ್ದೇ.”

ದೊಡ್ಡವ್ವ ಅಂದರೆ ನನ್ನ ಅಕ್ಕ ಗಂಗಕ್ಕ, ಕುರುಗೋಡಿನಲ್ಲಿರುತ್ತಾಳೆ. ಸುಮಾಳನ್ನು ತೊಟ್ಟಿಲಿಗೆ ಹಾಕಿದ ದಿನ ಅವಳ ತಲೆಯ ಮೇಲಿದ್ದ ಉಲ್ಲನ್ ಟೋಪಿ, ಆ ಕುಲಾಯಿ, ಅಕ್ಕ ಹೆಣೆದದ್ದಲ್ಲ. ಇದು ಗೊತ್ತಿದ್ದವಳು ನಾನೊಬ್ಬಳೇ ಎಂದು ಹೋದ ವಾರದವರೆಗೆ ನಂಬಿದ್ದೆ.

ನಮ್ಮ ಕಡೆಯ ಚಳಿಯ ಮಾತೆತ್ತಿದರೆ ಹೊರಗಿನವರು ನಗುತ್ತಾರೆ. ಬಳ್ಳಾರಿಯಲ್ಲಿ ಚಳಿಯೇ, ಎನ್ನುತ್ತಾರೆ. ನಗಲಿ ಬಿಡಿ. ಹತ್ತು ತಿಂಗಳು ಕಾದ ಹಂಚಿನ ಮೇಲೆ ಬದುಕುವವರಿಗೆ ಎರಡು ತಿಂಗಳ ತಂಪು ಗಾಳಿಯೇ ಒಂದು ದೊಡ್ಡ ಸಮಾಚಾರ. ನನ್ನ ಯಜಮಾನರು ಈ ದಿನಗಳಲ್ಲಿ ಬೆಳಗಾಗೆದ್ದು ಭತ್ತದ ಗದ್ದೆಗೆ ಹೊರಡುವಾಗ ಕಣ್ಣು ಬಿಟ್ಟು ಮತ್ತೇನೂ ಕಾಣದಂತೆ ಮಂಕಿ ಕ್ಯಾಪ್ ಏರಿಸುತ್ತಾರೆ, ಕಾಲಿಗೆ ಮಾತ್ರ ಚಪ್ಪಲಿ ಹಾಕುವುದಿಲ್ಲ. ಕೇಳಿದರೆ “ಚಳಿ ಕಿವಿಯಿಂದ ಹೋಗತೈತಿ, ಕಾಲಿಂದ ಹೋಗಂಗಿಲ್ಲ” ಎನ್ನುತ್ತಾರೆ. ಕಿವಿಯ ವಿಷಯದಲ್ಲಿ ನಮ್ಮ ಜನ ಅಷ್ಟು ಜೋಪಾನ.

ಬಾದನಹಟ್ಟಿಯ ಮನೆಯಲ್ಲಿ ಚಳಿಗಾಲ ಬಂತೆಂದರೆ ಎಲ್ಲರ ಸಂಸಾರವೂ ಬಚ್ಚಲ ಒಲೆಯ ಮುಂದೆ. ಹತ್ತಿಕಟ್ಟಿಗೆ ಚಟಪಟ ಉರಿಯುತ್ತಿತ್ತು. ತಪ್ಪಿ ಮೆಣಸಿನ ಕಟ್ಟಿಗೆ ಸೇರಿಕೊಂಡರೆ ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಬೈದಾಡುತ್ತಿದ್ದೆವು. ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುವಳು. ನಾವಿಬ್ಬರೂ ಒಂದೇ ಕೌದಿ ಹೊದ್ದು ಕುಳಿತು, ಯಾರ ಕಡೆ ಹೆಚ್ಚು ಕೌದಿ ಬಂದಿದೆ ಎಂದು ಕಾಲಲ್ಲೇ ಜಗಳಾಡುತ್ತಿದ್ದೆವು. ನಾನು ಐದನೇ ಕ್ಲಾಸಿಗೆ ಸಾಲೆ ಬಿಟ್ಟವಳು, ಅಕ್ಕ ಮೂರಕ್ಕೇ. ಆದರೆ ಸಾಲೆಯ ಮಾಸ್ತರರ ಹೆಂಡತಿ ನಮ್ಮನ್ನು ಬಿಟ್ಟಿರಲಿಲ್ಲ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಕಡೆಯವರು, ಮಡಿ ಹೆಂಗಸು, ಮಾತು ಮೃದು. ನಮಗಿಬ್ಬರಿಗೂ ಸೈಕಲ್ಲಿನ ಕಡ್ಡಿ ತಿಕ್ಕಿ ನುಣುಪು ಮಾಡಿಸಿ ಉಲ್ಲನ್ ಹೆಣೆಯುವುದು ಕಲಿಸಿದರು.

ನಾನು ಅವರ ಪಕ್ಕದಲ್ಲಿ ಕುಳಿತು ಕಲಿತೆ. ಅಕ್ಕ ಎಡಚಿ, ಪಕ್ಕದಲ್ಲಿ ಕುಳಿತರೆ ಅವಳಿಗೆ ಎಲ್ಲವೂ ಉಲ್ಟಾ. ಅದಕ್ಕೆ ಅವರು ಅವಳನ್ನು ಎದುರಿಗೆ ಕೂರಿಸಿಕೊಂಡರು. ಅವರ ಬಲಗೈ ಮಾಡಿದ್ದನ್ನು ಇವಳ ಎಡಗೈ, ಕನ್ನಡಿಯೊಳಗಿನ ಬಿಂಬದ ಹಾಗೆ, ಮಾಡಿತು. ಒಂದು ತಿಂಗಳಲ್ಲಿ ಅಕ್ಕ ನನಗಿಂತ ಮುಂದೆ ಹೋದಳು. ಎಡಗೈಯಲ್ಲಿ ಉಣ್ಣಲು ಹೋದರೆ ಹೊಡೆಯುತ್ತಿದ್ದ ಅವ್ವ, ಹೆಣೆಯುವುದಕ್ಕೆ ಮಾತ್ರ ಏನೂ ಅನ್ನಲಿಲ್ಲ. ನಾನು ಹೆಣೆದ ಮೊದಲ ಕುಲಾಯಿಯನ್ನು ಅಪ್ಪ ನೋಡಿ “ಇದು ಕೂಸಿಗೋ ಕುಂಬಳಕಾಯಿಗೋ” ಎಂದು ಕೇಳಿದ್ದ.

ಮುಂದಿನದು ತಿಳಿಯಲು ಇದೊಂದು ಗೊತ್ತಿರಬೇಕು. ಕುಲಾಯಿಯನ್ನು ಕಿವಿಯ ಕಡೆಯಿಂದ ಹೆಣೆಯುತ್ತಾ ಮೇಲೆ ಹೋಗಿ, ನೆತ್ತಿಯ ಹತ್ತಿರ ಕುಣಿಕೆಗಳನ್ನು ಕಡಿಮೆ ಮಾಡುತ್ತಾ ಮುಗಿಸುತ್ತಾರೆ. ಅಲ್ಲೊಂದು ಸುಳಿ ಬೀಳುತ್ತದೆ, ಮಕ್ಕಳ ತಲೆಯಲ್ಲಿ ಇರುತ್ತದಲ್ಲ, ಹಾಗೆ. ಬಲಗೈಯವರು ಹೆಣೆದರೆ ಅದು ಬಲಕ್ಕೆ ತಿರುಗುತ್ತದೆ, ಎಡಗೈಯವರು ಹೆಣೆದರೆ ಎಡಕ್ಕೆ. ನಾನು ಇಷ್ಟು ವರ್ಷ ಹೆಣೆದವಳು, ಇದನ್ನು ಒಮ್ಮೆಯೂ ಗಮನಿಸಿರಲಿಲ್ಲ!

ಅಕ್ಕನನ್ನು ಕುರುಗೋಡಿಗೆ ಕೊಟ್ಟರು, ನನ್ನನ್ನು ಸಿರುಗುಪ್ಪಕ್ಕೆ. ಅಕ್ಕನಿಗೆ ಮಕ್ಕಳಾಗಲಿಲ್ಲ. ನನಗೆ ಮೊದಲ ಬಸಿರು ನಾಲ್ಕು ತಿಂಗಳಿಗೇ ಹೋಯಿತು, ಆಮೇಲೆ ಸುಮಾ ಉಳಿದಳು. ಪುಷ್ಯ ಮಾಸದ ಚಳಿಯಲ್ಲಿ ಹುಟ್ಟಿದಳು. ತೊಟ್ಟಿಲಿಗೆ ಐದಾರು ದಿನ ಇರುವಾಗ ಅಕ್ಕ ಬಸ್ಸು ಹಿಡಿದು ಬಂದು ಕುಲಾಯಿ ಕೊಟ್ಟುಹೋದಳು. ಅರಿಷಿಣ ಬಣ್ಣ, ಕೆಂಪು ಅಂಚು, ಕಿವಿಗೆ ಎರಡು ಎಲೆ, ಗದ್ದಕ್ಕೆ ಕಟ್ಟಲು ಹೆಣೆದ ದಾರ. “ತೊಟ್ಟಿಲಿಗೆ ಹಾಕೋ ಹೊತ್ತಿನಾಗ ಇದನ್ನೇ ಹಾಕು ಹಾಂ, ಮರೀಬ್ಯಾಡ” ಎಂದಳು. ಮೂರು ಸಲ ಹೇಳಿದಳು.

ಅದಕ್ಕೂ ವರ್ಷದ ಹಿಂದೆ ನನ್ನ ಅತ್ತೆ ಬೇರೆ ಯಾರದೋ ಮನೆಯ ಮಾತು ಆಡುತ್ತಾ “ಮಕ್ಕಳಿಲ್ಲದಾಕಿ ಕೈಯಾಂದು ಕೂಸಿನ ತಲಿಗೆ ಮೊದಲ ಹಾಕಬಾರ್ದವಾ” ಎಂದಿದ್ದರು. ನಾನು ಮುಂದೆ ಮಾಡಿದ್ದರ ತಪ್ಪನ್ನು ಬಹಳ ವರ್ಷ ಮನಸ್ಸಿನೊಳಗೆ ಅತ್ತೆಯ ಮೇಲೆ ಹಾಕಿ ಹಗುರಾಗುತ್ತಿದ್ದೆ. ನಿಜ ಹೇಳಬೇಕೆಂದರೆ ಅತ್ತೆ ಅಕ್ಕನ ಬಗ್ಗೆ ಒಂದು ಮಾತೂ ಆಡಿದವರಲ್ಲ. ಬಾದನಹಟ್ಟಿಯಲ್ಲಿಯೂ ಯಾರೂ ಆಡಲಿಲ್ಲ. ನಾನೇ ಹೆದರಿದೆ. ಆ ಕುಲಾಯಿಯನ್ನು ಕೈಯಲ್ಲಿ ಹಿಡಿದಾಗಲೆಲ್ಲ ಹೋದ ಕೂಸು ನೆನಪಾಗುತ್ತಿತ್ತು.

ಹಾಕದೆ ಇದ್ದರೆ ಅಕ್ಕ ನೊಂದುಕೊಳ್ಳುತ್ತಾಳೆ, ಹಾಕಿದರೆ ನನಗೆ ಭಯ. ಆಗ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಮೂರು ಮಧ್ಯಾಹ್ನ, ಕೂಸು ಮಲಗಿದ ಹೊತ್ತಿನಲ್ಲಿ, ಕೌದಿಯ ಒಳಗೆ ಕೈ ಇಟ್ಟುಕೊಂಡು ಅಕ್ಕನ ಕುಲಾಯಿಯನ್ನು ಪೂರಾ ಬಿಚ್ಚಿದೆ. ಬಿಚ್ಚಿದ ದಾರ ಗುಂಗುರು ಗುಂಗುರಾಗಿತ್ತು. ಒದ್ದೆ ಮಾಡಿ ಅಗ್ಗಿಷ್ಟಿಕೆಯ ಮೇಲೆ ಹಿಡಿದು ನೆಟ್ಟಗೆ ಮಾಡಿದೆ. ಅದೇ ದಾರದಲ್ಲಿ, ಅದೇ ಅಳತೆಗೆ, ಮತ್ತೆ ಹೆಣೆದೆ. ದಾರ ಅಕ್ಕನದು, ಕೈ ನನ್ನದು. ಯಾರಿಗೂ ನೋವಿಲ್ಲ, ಕೂಸಿಗೂ ಕ್ಷೇಮ. ಐದನೇ ಕ್ಲಾಸಿನ ತಲೆಗೆ ಎಷ್ಟು ಜಾಣತನ ಎಂದು ನನ್ನ ಬಗ್ಗೆ ನಾನೇ ಹೆಮ್ಮೆಪಟ್ಟೆ.

ತೊಟ್ಟಿಲ ದಿನ ಅಕ್ಕ ಬಂದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಕುಲಾಯಿಯ ನೆತ್ತಿಯ ಮೇಲೆ ಹೆಬ್ಬೆರಳು ಒಂದು ಸುತ್ತು ಆಡಿಸಿದಳು. “ಬೆಚ್ಚಗೈತಲ್ಲ?” ಎಂದಳು. “ಹೂಂ ಅಕ್ಕಾ” ಎಂದೆ. ಅಷ್ಟೇ. ಕೂಸನ್ನು ನನ್ನ ಕೈಗಿಟ್ಟು, ಬಂದವರಿಗೆ ಹಂಚುವ ಗುಗ್ಗರಿ ಒಲೆಯ ಮೇಲಿದೆ ಎಂದು ಅಡುಗೆಮನೆಗೆ ಹೋದಳು.

ಹೋದ ವಾರ ಉಲ್ಲನ್ ಹಿಡಿದುಕೊಂಡು ಬ್ರೂಸ್‌ಪೇಟೆಯಿಂದ ಹೊರಟವಳು ಸಿರುಗುಪ್ಪದ ಬಸ್ಸು ಬಿಟ್ಟು ಕುರುಗೋಡಿನ ಬಸ್ಸು ಹತ್ತಿದೆ. ಕುಲಾಯಿ ಕೇಳುವುದರ ಮೊದಲು ನಡೆದದ್ದನ್ನು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಕ್ಕ ಅಂಗಳದ ಬಿಸಿಲಿನಲ್ಲಿ ಸೆರಗನ್ನು ಕಿವಿಗೆ ಸುತ್ತಿಕೊಂಡು ಹಸಿ ಕಡಲೆ ಬಿಡಿಸುತ್ತಿದ್ದಳು.

“ಬಾರಲೇ ಬಾ. ಸಿರುಗುಪ್ಪದ ಸಾವ್ಕಾರ್ತಿ ದಾರಿ ತಪ್ಪಿ ಬಂದಾಳ.”

ಸುಮಾಳ ಹಟ ಹೇಳಿದೆ. ಅಕ್ಕನ ಮುಖ ಅರಳಿತು. ಕಡಲೆಯ ಮೊರ ಬದಿಗಿಟ್ಟು ಕೈ ಒರೆಸಿಕೊಂಡು ಒಳಗಿನಿಂದ ಕಡ್ಡಿ ತಂದಳು. “ನೆತ್ತಿ ಅಳತಿ ಕೂಸು ಬಂದ ಮ್ಯಾಲ. ಈಗ ಅಂಚಷ್ಟು ಹಾಕಿ ಇಡ್ತೀನಿ” ಎಂದು ಶುರು ಮಾಡಿಯೇಬಿಟ್ಟಳು. ಜೋಡಿಸಿಕೊಂಡಿದ್ದ ಮಾತು ಬಾಯಿಗೆ ಬರುವಷ್ಟರಲ್ಲಿ ನನ್ನ ಕಣ್ಣು ಅವಳ ಕೈಗಳ ಮೇಲೆ ಬಿತ್ತು. ಬಲಗೈ ಹೆಣೆಯುತ್ತಿತ್ತು.

“ಅಕ್ಕಾ, ನೀ ಎಡಚಿ ಅಲ್ಲೇನು?”

“ರೊಟ್ಟಿ ಬಡಿಯಾಕ, ಕಸ ಹೊಡಿಯಾಕ ಈಗೂ ಎಡಚಿನೇ. ಹೆಣಿಯಾಕ ಮಾತ್ರ ಬಲಗೈ ಮಾಡ್ಕೊಂಡೆ.”

“ಯಾವಾಗ?”

“ಸುಮಾನ ತೊಟ್ಟಿಲಾದ ಮ್ಯಾಲ.” ಅಕ್ಕ ಕಡ್ಡಿಯಿಂದ ಕಣ್ಣೆತ್ತಲಿಲ್ಲ. “ನನ್ನ ಕುಲಾಯಿ ಬಿಚ್ಚಿ ಮತ್ತ ಹೆಣದಿದ್ದಿಯಲ್ಲ ನೀನು. ಸುಳಿ ಬಲಕ್ಕ ತಿರುಗಿತ್ತು. ಎಡಗೈಯಾಂದು ಕೂಸಿಗೆ ಆಗಿಬರಂಗಿಲ್ಲ ಅಂತ ಯಾರೋ ಅಂದಿರಬೇಕು ಅನ್ಕೊಂಡೆ. ಬಲಗೈಲೆ ಕಲಿಯಾಕ ಎರಡು ಚಳಿಗಾಲ ಹಿಡೀತವ್ವಾ. ನಿಮ್ಮ ಭಾವ ನಗತಿದ್ದ, ಏನ್ ಪರೀಕ್ಷಾಕ್ಕ ಕುಂದ್ರತೀಯೇನು ಅಂತ.”

ಇಪ್ಪತ್ತಾರು ವರ್ಷ! ಸುಮಾಳ ಹಿಂದೆ ಹುಟ್ಟಿದ ನನ್ನ ಮಗನಿಗೂ, ಮೈದುನರ ಮಕ್ಕಳಿಗೂ ಅಕ್ಕ ಕೊಟ್ಟ ಕುಲಾಯಿಗಳೆಲ್ಲ ಕಣ್ಣ ಮುಂದೆ ಬಂದವು. ಒಂದೊಂದೂ ಬಲಗೈಯಿಂದ ಹೆಣೆದದ್ದು. ಇನ್ನೂ ನಾಚಿಕೆಯದು ಹೇಳುತ್ತೇನೆ: ಆ ಗಾಬರಿಯ ನಡುವೆಯೂ ಒಂದು ಗಳಿಗೆ ನನಗೆ ಸಮಾಧಾನವಾಯಿತು. ಅಕ್ಕ ತಾನೇ ಒಂದು ಕಾರಣ ಹುಡುಕಿಕೊಂಡಿದ್ದಾಳೆ, ಎಡಗೈ. ಹೂಂ ಎಂದು ಚಹಾ ಕುಡಿದು ಬಂದುಬಿಡಬಹುದಿತ್ತು. ಹೂಂ ಎನ್ನಲು ಬಾಯಿಯನ್ನೂ ತೆರೆದೆ.

“ಎಡಗೈ ಅಂತಲ್ಲಕ್ಕಾ,” ಎಂದೆ. “ನಿನಗ ಮಕ್ಕಳಿಲ್ಲ ಅಂತ... ನಾನೇ ಅಂಜಿದೆ. ಯಾರೂ ಹೇಳಲಿಲ್ಲ.”

ಅಕ್ಕನ ಕಡ್ಡಿ ನಿಲ್ಲಲಿಲ್ಲ. ಸಾಲು ಮುಗಿಸಿ, ತಿರುಗಿಸಿಕೊಂಡು, ಆಮೇಲೆ ಹೇಳಿದಳು.

“ಗೊತ್ತೈತಿ.”

“ಗೊತ್ತಿದ್ದೂ ಮತ್ತ ಬಲಗೈ ಯಾಕ...”

“ಎಡಗೈದು ತಪ್ಪು ಅಂತ ಇಟ್ಕೊಂಡ್ರ ಬಲಗೈ ಕಲೀಬಹುದಿತ್ತು. ಇನ್ನೊಂದಕ್ಕ ಏನ್ ಕಲೀಲಿ, ಹೇಳು?”

ಅವಳು ಬದಿಗಿಟ್ಟಿದ್ದ ಮೊರ ಎಳೆದುಕೊಂಡು ಕಡಲೆ ಬಿಡಿಸಿದೆ. ಹೊರಡುವಾಗ ಅಕ್ಕ ಬಾಗಿಲತನಕ ಬಂದಳು. “ಕುಲಾಯಿದು ಚಿಂತಿ ಮಾಡಬ್ಯಾಡ. ತೊಟ್ಟಿಲಿಗೆ ಎರಡು ದಿನ ಮೊದಲ ಬರ್ತೀನಿ, ಗುಗ್ಗರಿ ನಾ ನೋಡ್ಕೊತೀನಿ” ಎಂದಳು.

ಬಸ್ಸಿನಲ್ಲಿ ಕುಳಿತ ಮೇಲೆ ಆ ಮಾತಿನ ಅರ್ಥ ಹೊಳೆಯಿತು. ಗುಗ್ಗರಿ. ನಮ್ಮ ಎರಡೂ ಮನೆಯ ಯಾವ ತೊಟ್ಟಿಲಿರಲಿ, ಗುಗ್ಗರಿ ಬೇಯಿಸುವವಳು ಗಂಗಕ್ಕ. ಒಳಗೆ ಹೆಂಗಸರು ತೊಟ್ಟಿಲ ಸುತ್ತ ನಿಂತು, ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಿಂದ ಕೈಯಿಂದ ಕೈಗೆ ಕೊಟ್ಟು ಹೆಸರು ಕೂಗುವಾಗ ಅವಳು ಒಲೆಯ ಮುಂದೆ. “ಎಷ್ಟು ದುಡೀತಾಳವ್ವಾ ಗಂಗಕ್ಕ” ಎಂದು ಎಲ್ಲರೂ ಹೊಗಳುತ್ತಿದ್ದರು, ಎಲ್ಲರಿಗಿಂತ ಜೋರಾಗಿ ನಾನು. ತೊಟ್ಟಿಲ ಹತ್ತಿರ ಅವಳು ನಿಂತದ್ದನ್ನು ನೆನಪು ಮಾಡಿಕೊಳ್ಳಲು ಸಿರುಗುಪ್ಪ ಬರುವವರೆಗೆ ಹೆಣಗಿದೆ. ಒಂದೂ ಸಿಗಲಿಲ್ಲ.

ಸುಮಾಗೆ ಎಲ್ಲವನ್ನೂ ಹೇಳಿದೆ. ತುಂಬಿದ ಬಸುರಿಗೆ ಹೇಳಬೇಕಿತ್ತೋ ಇಲ್ಲವೋ, ಗೊತ್ತಿಲ್ಲ. “ಅಂದ್ರ ನನ್ನ ತಲಿ ಮ್ಯಾಲ ಇದ್ದದ್ದು ನಿನ್ನ ಅಂಜಿಕಿ ಅನ್ನು” ಎಂದಳು. ಎರಡು ದಿನ ನನ್ನ ಕೈಯ ರೊಟ್ಟಿ ತಿಂದಳೇ ಹೊರತು ಮಾತಾಡಲಿಲ್ಲ. ಮೂರನೆಯ ದಿನ ಕುರುಗೋಡಿಗೆ ಫೋನು ಹಚ್ಚಿದಳು.

“ದೊಡ್ಡವ್ವಾ, ಈ ಸಲ ಗುಗ್ಗರಿ ಅವ್ವ ಮಾಡ್ತಾಳ. ನೀ ತೊಟ್ಟಿಲ ಹತ್ರ ನಿಂದ್ರಬೇಕು. ಕುಲಾಯಿನೂ ನೀನೇ ತೊಡಸಬೇಕು. ಇಲ್ಲಂದ್ರ ಕೂಸಿಗೆ ಹೆಸರೇ ಇಡಂಗಿಲ್ಲ ನಾನು.”

“ಮೊದಲ ಹೆರು. ಆಮ್ಯಾಲ ಜಗಳಾಡೂಣಂತ,” ಅಕ್ಕ ಆ ಕಡೆಯಿಂದ ಹೇಳಿದ್ದು ನನಗೂ ಕೇಳಿಸಿತು. “ನಿಮ್ಮವ್ವನ ಗುಗ್ಗರಿ ತಿಂದು ಬೀಗರು ಊರಿಗೆ ಜೀವಂತ ಹೋಗಬೇಕಲ್ಲ.” ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ನಿನ್ನೆ ಬಂದಳು. ಚೀಲದಲ್ಲಿ ನೆತ್ತಿಯಿಲ್ಲದ ಕುಲಾಯಿ, ಒಂದು ಸೇರು ಹಸಿ ಕಡಲೆ. ಚಹಾ ಕುಡಿದು ಲೋಟ ಕೆಳಗಿಡುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದಳು:

“ಹೆಸರಿಡೋ ಹೊತ್ತಿನಾಗ ಕೂಸನ್ನ ತೊಟ್ಟಿಲ ಕೆಳಗಿಂದ ಮೊದಲ ಕೊಡ್ತಾರೋ, ಮ್ಯಾಲಿಂದ ಮೊದಲ ಕೊಡ್ತಾರೋ? ನಾ ಒಮ್ಮೆನೂ ನೋಡಿಲ್ಲ.”

ತೊಟ್ಟಿಲು ಅಟ್ಟದ ಮೇಲಿದೆ, ಕೂಸು ಹುಟ್ಟುವ ಮೊದಲೇ ಖಾಲಿ ತೊಟ್ಟಿಲನ್ನು ಇಳಿಸುವಂತಿಲ್ಲ. ಪಡಸಾಲೆಯ ಬೆಂಚನ್ನೇ ತೊಟ್ಟಿಲು ಮಾಡಿಕೊಂಡೆವು. ಆಚೆ ಅಕ್ಕ, ಈಚೆ ನಾನು. ದಿಂಬಿಗೆ ಪಂಚೆ ಸುತ್ತಿ ಕೂಸು ಮಾಡಿ, ಕೆಳಗಿನಿಂದ ಅವಳ ಕಡೆ ಚಾಚಿದೆ. ಸುಮಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಕ್ಕ ನಗಲಿಲ್ಲ. ಎರಡೂ ಕೈ ಮುಂದೆ ಮಾಡಿದವಳು ಅರ್ಧಕ್ಕೆ ನಿಲ್ಲಿಸಿದಳು.

“ತಲಿ ಯಾವ ಕಡಿ ಐತಿ?”

ತೋರಿಸಿದೆ. ಆ ತುದಿಯ ಕೆಳಗೆ ಅಂಗೈ ಕೊಟ್ಟು, ಮೆಲ್ಲಗೆ ತೆಗೆದುಕೊಂಡಳು.