ಶೇಷು ಪರಸ್ಥಾನಕ್ಕಿಟ್ಟ ಬೂಟು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಶಕುನ, ಸತ್ತವರ ಓಡಾಟ, ಇಂಥದ್ದರಲ್ಲಿ ನನಗೆ ಮೂರು ಕಾಸಿನ ನಂಬಿಕೆಯೂ ಇರಲಿಲ್ಲ. ಇರುವುದಾದರೂ ಹೇಗೆ? ನೈರೋಬಿಯ ಕನ್ನಡದವರ ಮನೆಗಳಲ್ಲಿ ಓಡಾಡಿದ ದೆವ್ವಗಳಲ್ಲಿ ಹೆಚ್ಚಿನವನ್ನು ನಾನೇ ತಯಾರಿಸಿ ಬಿಟ್ಟಿದ್ದೆ. ನೀರಿನ ಟ್ಯಾಂಕಿನೊಳಗಿಂದ ಹೆಂಗಸು ಅಳುವ ಸದ್ದು ಕೇಳಿ ಒಬ್ಬ ದೊಡ್ಡ ಅಧಿಕಾರಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಟೆಲಿಗೆ ಓಡಿದ್ದು ನನ್ನ ಕೈಚಳಕದಿಂದ. ಒಂದು ಯುಗಾದಿಗೆ ಬೆಲ್ಲವೇ ಇಲ್ಲದ ಬೇವಿಗೆ ಬೆಲ್ಲದ ಬಣ್ಣ ಬರಿಸಿ ಹಂಚಿ, ಇಡೀ ಸಭೆಯ ಮುಖ ಒಟ್ಟಿಗೆ ಸೊಟ್ಟಗಾಗುವುದನ್ನು ನೋಡಿದ ಪುಣ್ಯಾತ್ಮನೂ ನಾನೇ. ಈ ಊರಲ್ಲಿ ನನ್ನಷ್ಟು ಜನರಿಗೆ ಟೋಪಿ ಹಾಕಿದವನು ಇನ್ನೊಬ್ಬ ಹುಟ್ಟಿಲ್ಲ. ಜಂಭ ಅಂದರೆ ಜಂಭ. ಆದರೆ ಈಗ ಹೇಳುವುದರಲ್ಲಿ ನನ್ನ ಕೈವಾಡವಿಲ್ಲ. ನಗಲೆಂದೇ ಬಂದು ಕೂತಿದ್ದರೆ ಎದ್ದು ಹೋಗಿ, ಬೇಸರವಿಲ್ಲ.

ನಾನು ಅತಿ ಹೆಚ್ಚು ಟೋಪಿ ಹಾಕಿದ್ದು ಶೇಷುವಿಗೆ. ಕೋಲಾರದ ಚಿನ್ನದ ಗಣಿಯ ಊರಿನವನು. ಬಾವಿ ತೋಡಿಸುವ ಒಂದು ಸಂಸ್ಥೆಗೆ ಎಂಜಿನಿಯರಾಗಿ ಕೆನ್ಯಾಕ್ಕೆ ಬಂದು ಇಲ್ಲೇ ನಿಂತುಬಿಟ್ಟ. ಹೆಂಡತಿ ಪದ್ಮಾ, ನನ್ನನ್ನು ಬಾಯಿ ತುಂಬ ಅಣ್ಣ ಎನ್ನುವವಳು. ಕಿಲೆಲೆಶ್ವಾ ಬಡಾವಣೆಯಲ್ಲಿ ಅವರ ಫ್ಲ್ಯಾಟಿಗೂ ನನ್ನ ಫ್ಲ್ಯಾಟಿಗೂ ನಡುವೆ ಒಂದು ರಸ್ತೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ನನ್ನ ರಾತ್ರಿಯೂಟವೆಲ್ಲ ಅವರ ಮನೆಯಲ್ಲೇ.

ಶೇಷುವಿಗೆ ಒಂದು ಹುಚ್ಚಿತ್ತು. ಅವನ ತಾತ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ. ಅಲ್ಲಿನ ದೊರೆಯೊಬ್ಬ ಇಂಗ್ಲೆಂಡಿಗೆ ಮರಳುವಾಗ ತನ್ನ ಊರಿನ ಚಿತ್ರವನ್ನು ತಾತನಿಗೆ ಕೊಟ್ಟು ಹೋದ. ಕಲ್ಲಿನ ಮನೆಗಳು, ಹಳೇ ಚರ್ಚು, ಸಣ್ಣ ಹೊಳೆ, ಅದರ ಮೇಲೆ ಕಲ್ಲಿನ ಸೇತುವೆ. ಅದು ದೇವರ ಪಟಗಳ ಪಕ್ಕದಲ್ಲೇ ಮೊಳೆ ಹೊಡೆಸಿಕೊಂಡು ಕೂತಿತು. ಚಿಕ್ಕವನಾಗಿದ್ದಾಗ ಶೇಷು ಊಟಕ್ಕೆ ಹಟ ಮಾಡಿದರೆ ಅವನ ಅಮ್ಮ, "ನೋಡು, ಸೇತುವೆ ಮೇಲೆ ಯಾರೋ ಬರ್ತಿದಾರೆ" ಎಂದು ತೋರಿಸಿ ತುತ್ತು ತುರುಕುತ್ತಿದ್ದರಂತೆ. ಸೇತುವೆಯ ಮೇಲೆ ಯಾರೂ ಇರಲಿಲ್ಲ. ಸಾಯುವುದರೊಳಗೆ ಆ ಸೇತುವೆಯ ಮೇಲೊಮ್ಮೆ ನಿಲ್ಲಬೇಕು ಎನ್ನುವುದೇ ಅವನ ಹುಚ್ಚು.

ಎರಡು ಸಾವಿರದ ಹತ್ತರ ದಶಕದ ನಡುಭಾಗ. ಅವನ ಹೃದಯ ಆಗಲೇ ಸೋತಿತ್ತು. "ಹೋಗೋದಿದ್ರೆ ಈ ವರ್ಷ ಹೋಗಿಬನ್ನಿ, ಮುಂದಿನ ವರ್ಷ ನಾನು ವಿಮಾನ ಹತ್ತೋದಕ್ಕೆ ಬಿಡೋದಿಲ್ಲ" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಪದ್ಮಾಳ ತಂಗಿ ಲಂಡನ್ನಿನಲ್ಲಿದ್ದಳು. ಸೆಪ್ಟೆಂಬರಿನಲ್ಲಿ ಅವಳ ಮನೆಗೆ ಹೋಗುವುದು, ಅಲ್ಲಿಂದ ಒಂದು ದಿನದ ಮಟ್ಟಿಗೆ ಆ ಹಳ್ಳಿಗೆ ಹೋಗಿಬರುವುದು ಎಂದಾಯಿತು.

ಭಾನುವಾರಗಳೆಲ್ಲ ಅದರ ಯೋಜನೆಯಲ್ಲೇ ಹೋದವು. ಅವರ ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್. ಲಂಡನ್ನಿನಿಂದ ರೈಲು, ರೈಲಿಳಿದ ಮೇಲೆ ಬಸ್ಸು, ಆ ಬಸ್ಸು ಶನಿವಾರ ಮಾತ್ರ. ಬಸ್ಸಿಳಿದು ಹೊಳೆಯ ಪಕ್ಕದ ಕಾಲುದಾರಿಯಲ್ಲಿ ನಡೆಯಬೇಕು. ಅದರಲ್ಲಿ ಆ ಊರಿನ ಫೋಟೋ ಹುಡುಕಲು ಹೋದರೆ ಶೇಷು ಕೈ ಹಿಡಿದುಕೊಳ್ಳುತ್ತಿದ್ದ.

"ಬೇಡ ಕಣೋ. ಫೋಟೋದಲ್ಲಿ ನೋಡೋದಕ್ಕೆ ಅಲ್ಲಿವರೆಗೂ ಯಾಕೆ ಹೋಗ್ಬೇಕು? ನಾನೇ ನೋಡ್ತೀನಿ."

"ನಾನು ಪುಳಿಯೋಗರೆ ಕಟ್ಕೊತೀನಿ. ಸೇತುವೆ ಮೇಲೆ ಕೂತ್ಕೊಂಡು ತಿನ್ನೋಣ" ಎಂದಳು ಪದ್ಮಾ.

"ಅಲ್ಲಿ ಸೇತುವೆ ಮೇಲೆ ಪುಳಿಯೋಗರೆ ತಿಂದ್ರೆ ಪೊಲೀಸ್ ಹಿಡೀತಾರೆ ಕಣಮ್ಮ. ಒಗ್ಗರಣೆ ವಾಸನೆಗೆ ಬಾತುಕೋಳಿಗಳು ಊರು ಬಿಡ್ತವಂತೆ" ಎಂದೆ ನಾನು. ಮಾರನೆಯ ದಿನ ದನಿ ಬದಲಿಸಿ, ವಿಮಾನ ಕಂಪನಿಯವನ ಹಾಗೆ ಫೋನು ಮಾಡಿ, ಹುಣಸೆಹಣ್ಣಿಗೆ ಪ್ರತ್ಯೇಕ ವೀಸಾ ಬೇಕು ಎಂದೆ. ಶೇಷು ಅರ್ಧ ದಿನ ನಂಬಿದ್ದ.

ಟಿಕೆಟ್ ಸಿಕ್ಕಿದ್ದು ಮಂಗಳವಾರಕ್ಕೆ. ಪದ್ಮಾ ಪಂಚಾಂಗ ತೆಗೆದಳು. ಮಂಗಳವಾರ ಉತ್ತರ ದಿಕ್ಕಿಗೆ ಶೂಲೆ, ಹೊರಡಕೂಡದು. ಅದಕ್ಕೆ ನಮ್ಮವರಲ್ಲಿ ಪರಿಹಾರವಿದೆಯಲ್ಲ, ಪರಸ್ಥಾನ. ಒಳ್ಳೆಯ ದಿನ ನೋಡಿ, ಕೊಂಡೊಯ್ಯುವ ಸಾಮಾನಿನಲ್ಲಿ ಒಂದಿಷ್ಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಂದರೆ ಪ್ರಯಾಣ ಅವತ್ತೇ ಶುರುವಾದ ಹಾಗೆ. ಆಮೇಲೆ ಯಾವ ದಿನವಾದರೂ ಹೊರಡಬಹುದು. ಆದರೆ ಇಟ್ಟಿದ್ದನ್ನು ವಾಪಸ್ಸು ಮನೆಗೆ ತರುವಂತಿಲ್ಲ. ಹೊರಟಾಗ ದಾರಿಯಲ್ಲೇ ಎತ್ತಿಕೊಂಡು ಹೋಗಬೇಕು.

ಗುರುವಾರ ಬೆಳಿಗ್ಗೆ ಇಬ್ಬರೂ ಒಂದು ಕೈಚೀಲ ತಂದರು. ಒಳಗೆ ಹೊಸ ಬಿಳಿ ಅಂಗಿ, ಅರಿಶಿನದ ಕೊಂಬು, ಅಕ್ಷತೆ. ಶೇಷು ಇನ್ನೊಂದು ಕೈಯಲ್ಲಿ ವೆಸ್ಟ್‌ಲ್ಯಾಂಡ್ಸಿನ ಮಾಲಿನಲ್ಲಿ ಕೊಂಡ ಬೂಟು ಹಿಡಿದಿದ್ದ, ಹಳ್ಳಿಯಲ್ಲಿ ನಡೆಯಲೆಂದು ತೆಗೆದುಕೊಂಡದ್ದು. ಅದನ್ನೂ ಚೀಲಕ್ಕೆ ತುರುಕಿದ.

"ಅಯ್ಯೋ, ಪರಸ್ಥಾನಕ್ಕೆ ಯಾರಾದ್ರೂ ಮೆಟ್ಟು ಇಡ್ತಾರೇನ್ರೀ?" ಎಂದು ಪದ್ಮಾ ಹೌಹಾರಿದಳು.

"ಅಂಗಿ ಎಲ್ಲಾದ್ರೂ ನಡೆಯುತ್ತೇನಮ್ಮ? ಹೋಗೋದು ಬೂಟೇ ತಾನೆ! ಇಡಲಿ ಬಿಡು" ಎಂದೆ. ಶೇಷು ಹೊಟ್ಟೆ ಹಿಡಿದುಕೊಂಡು ನಕ್ಕ. ಅವರೆದುರಿಗೇ ಚೀಲವನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಗೊಂಚಲಿನಲ್ಲಿ, ಗೊಂಚಲು ನನ್ನ ಜೇಬಿನಲ್ಲಿ.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಶೇಷು ಬಚ್ಚಲಲ್ಲೇ ಕುಸಿದ.

ಆಸ್ಪತ್ರೆಯ ಆ ವಾರವನ್ನು ವಿವರಿಸಲಾರೆ. ಮೂಗಿಗೆ ನಳಿಗೆ, ಕೈಗೆ ಸೂಜಿ. ಕಾಲು ಊದಿಕೊಂಡು ಮಂಚದಿಂದ ಇಳಿಯುವ ಮಾತೇ ಇರಲಿಲ್ಲ. ಮಂಗಳವಾರದ ವಿಮಾನ ಹೋಯಿತು. ಚೀಲ ತಂದುಕೊಡಲೇ ಎಂದು ಪದ್ಮಾಳನ್ನು ಕೇಳಿದೆ.

"ಬೇಡಿ ಅಣ್ಣ. ವಾಪಸ್ ತಂದ್ರೆ ಪ್ರಯಾಣ ಮುರಿದ ಹಾಗೆ. ಇವ್ರು ಹುಷಾರಾಗ್ಲಿ, ನಿಮ್ಮನೆಯಿಂದ್ಲೇ ಎತ್ಕೊಂಡು ಹೋಗ್ತೀವಿ."

ಶನಿವಾರ ಬಂತು. ಮಧ್ಯಾಹ್ನ ಪದ್ಮಾಳನ್ನು ಸ್ನಾನಕ್ಕೆಂದು ಮನೆಗೆ ಕಳಿಸಿ ನಾನು ಶೇಷುವಿನ ಪಕ್ಕ ಕೂತಿದ್ದೆ. ಕಿಟಕಿಯಾಚೆ ಬಿಸಿಲು, ಮಟಾಟು ವ್ಯಾನುಗಳ ಹಾರನ್ನಿನ ಸದ್ದು. ಅವನು ಕಣ್ಣು ಬಿಟ್ಟ. ದನಿ ಸ್ಪಷ್ಟವಾಗಿತ್ತು.

"ಕಾಲು ನೋಯ್ತಿದೆ ಕಣೋ. ತುಂಬಾ ನಡೆದುಬಿಟ್ಟೆ."

"ಎಲ್ಲಿಗಪ್ಪಾ ಹೋಗಿದ್ದೆ, ನರ್ಸ್ ಹಿಂದೆನಾ?" ಎಂದೆ. ನನ್ನ ಬಾಯಿ ಅಂಥದ್ದು, ಮರಣಶಯ್ಯೆಯೆದುರೂ ಸುಮ್ಮನಿರದು.

ಅವನು ನಗಲಿಲ್ಲ. "ಸೇತುವೆ ಚಿಕ್ಕದು ಕಣೋ. ಚಿತ್ರದಲ್ಲಿ ಸುಮ್ನೆ ದೊಡ್ಡದಾಗಿ ಬರೆದಿದಾನೆ. ಇಬ್ರು ಎದುರುಬದುರು ಬಂದ್ರೆ ಒಬ್ರು ಹಿಂದಕ್ಕೆ ಹೋಗ್ಬೇಕು."

"ಯಾರು ಬಂದ್ರೋ ಎದುರಿಗೆ?"

ನನ್ನ ಮುಖವನ್ನೇ ನೋಡಿದ. ಹೇಳಲೋ ಬೇಡವೋ ಎನ್ನುವ ಹಾಗೆ. ಕಣ್ಣು ಮುಚ್ಚಿಕೊಂಡ. ಸಂಜೆ, ಪದ್ಮಾ ಮರಳಿ ಬಂದ ಸ್ವಲ್ಪ ಹೊತ್ತಿಗೆ, ಹೋಗಿಬಿಟ್ಟ.

ಮಾರನೆಯ ದಿನ ಬೆಳಿಗ್ಗೆ ಪದ್ಮಾ ಹೇಳಿಕಳಿಸಿದಳು, ಚೀಲದಲ್ಲಿರುವ ಹೊಸ ಅಂಗಿ ಬೇಕು, ಅದನ್ನೇ ಹಾಕಿ ಕಳಿಸೋಣ ಎಂದು. ಬೀರುವಿನ ಬೀಗ ತೆಗೆದೆ. ಚೀಲ ನಾನಿಟ್ಟಲ್ಲೇ ಇತ್ತು. ಜಿಪ್ಪು ಎಳೆದಾಗ ಮೊದಲು ಮೂಗಿಗೆ ಬಡಿದದ್ದು ವಾಸನೆ, ಮಳೆ ನಿಂತ ಮೇಲಿನ ಹುಲ್ಲಿನದು. ಅಂಗಿ ಮಡಿಕೆ ಕೆಡದೆ ಇತ್ತು, ತುದಿ ಮಾತ್ರ ತೇವ. ಬೂಟಿನ ತಳಕ್ಕೆ ಮಣ್ಣು ಮೆತ್ತಿತ್ತು. ಒದ್ದೆ ಮಣ್ಣು. ಹಿಮ್ಮಡಿಯ ಕಡೆ ಸವೆದ ಗುರುತು. ಲೇಸಿಗೆ ಕಟ್ಟಿದ ಅಂಗಡಿಯ ಚೀಟಿ ಇನ್ನೂ ತೂಗುತ್ತಿತ್ತು.

ಈ ಊರಿನ ಮಣ್ಣನ್ನು ನಾನು ಬಲ್ಲೆ. ನಮ್ಮ ಕಡೆಯದು ಕೆಂಪು, ಎಷ್ಟು ತೊಳೆದರೂ ಬಟ್ಟೆ ಬಿಡದು. ಕಸರಾನಿ ಕಡೆ ಹೋದರೆ ಕಪ್ಪು ಎರೆಮಣ್ಣೂ ಸಿಗುತ್ತದೆ. ಇದು ಎರಡೂ ಅಲ್ಲ. ಸುಣ್ಣ ಕಲಸಿದ ಹಾಗೆ ಬಿಳಿಚು, ಜಿಗುಟು, ನಡುವೆ ಸಣ್ಣ ಹಸಿರು ಹುಲ್ಲಿನೆಳೆಗಳು. ನೈರೋಬಿಯಲ್ಲಿ ಆಗ ಮಳೆಯೇ ಇಲ್ಲ, ಧೂಳೆದ್ದು ಗಂಟಲು ಕಟ್ಟುತ್ತಿದ್ದ ದಿನಗಳು. ಮನೆಗೆಲಸದವಳು ರಜೆಯ ಮೇಲೆ ಊರಿಗೆ ಹೋಗಿದ್ದಳು. ಗೇಟಿನ ಕಾವಲುಗಾರ, ನಾನಿಲ್ಲದಾಗ ಯಾರೂ ಮೇಲೆ ಹತ್ತಿಲ್ಲ ಎಂದು ಆಣೆ ಮಾಡಿದ.

ಬೂಟನ್ನು ಅಲ್ಲೇ ಬಿಟ್ಟು ಅಂಗಿ ಮಾತ್ರ ಕೊಂಡೊಯ್ಯಬಹುದಿತ್ತು. ಬುದ್ಧಿವಂತನಾದವನು ಹಾಗೇ ಮಾಡುತ್ತಿದ್ದ. ಆದರೆ ಶೇಷು ಹೋಗಿಬಂದಿದ್ದರೆ ಅದನ್ನು ತಿಳಿಯಬೇಕಾದವಳು ಪದ್ಮಾ. ಚೀಲವನ್ನು ಹಾಗೇ ಒಯ್ದು, ಅಡುಗೆಮನೆಗೆ ಅವಳನ್ನು ಕರೆದು, ಚೀಲದ ಬಾಯಿ ತೆರೆದು ತೋರಿಸಿದೆ. "ನೋಡಮ್ಮ" ಎಂದಷ್ಟೇ ಹೇಳಿದೆ.

ಅವಳು ಬೂಟನ್ನು ನೋಡಿದಳು, ನನ್ನನ್ನು ನೋಡಿದಳು.

"ಇವತ್ತೂ ಬೇಕಿತ್ತಾ ಅಣ್ಣ ನಿಮಗೆ?"

"ಪದ್ಮಾ, ನನ್ನಾಣೆ..."

"ಹೆಣ ಇನ್ನೂ ಮನೆಗೆ ಬಂದಿಲ್ಲ. ಇವತ್ತೊಂದು ದಿನ ಬಿಡೋಕಾಗ್ಲಿಲ್ವಾ?"

ನಲ್ಲಿ ತಿರುಗಿಸಿ, ಪಾತ್ರೆ ತಿಕ್ಕುವ ಬ್ರಷ್ಷಿನಿಂದಲೇ ಆ ಬೂಟುಗಳನ್ನು ಉಜ್ಜತೊಡಗಿದಳು. ತಡೆಯಲು ಕೈ ಚಾಚಿದರೆ ಮೊಣಕೈಯಿಂದ ತಳ್ಳಿದಳು. ಬಿಳಿಚು ನೀರು ಸಿಂಕಿನಲ್ಲಿ ಸುತ್ತಿ ಇಳಿದುಹೋಯಿತು. ಬಾಗಿಲಲ್ಲಿ ನಿಂತು ನೋಡಿದ ಹೆಂಗಸರು ಹೊರಗೆ ಏನು ಹೇಳಿದರೋ, ಚಿತಾಗಾರದಲ್ಲಿ ಯಾರೂ ನನ್ನ ಪಕ್ಕ ನಿಲ್ಲಲಿಲ್ಲ. ನಲವತ್ತು ವರ್ಷದ ಗೆಳೆಯನಿಗೆ ದೂರದಿಂದಲೇ ಕೈ ಮುಗಿದೆ. ಅವರ ಮನೆಯ ರಾತ್ರಿಯೂಟ ಅಲ್ಲಿಗೆ ಮುಗಿಯಿತು.

ಆಮೇಲೆ ಆ ಊರಿನ ಫೋಟೋ ಹುಡುಕಿ ನೋಡಿದೆ. ಸೇತುವೆ ಚಿಕ್ಕದೇ. ಒಬ್ಬರು ಸಲೀಸಾಗಿ ದಾಟಬಹುದು, ಇಬ್ಬರು ಎದುರಾದರೆ ಜಾಗವಿಲ್ಲ. ಶೇಷು ಗುಟ್ಟಾಗಿ ಮೊದಲೇ ಫೋಟೋ ನೋಡಿದ್ದನೇನೋ ಎಂದುಕೊಂಡೆ. ಗುಟ್ಟು ಮಾಡುವ ಕಲೆ ಅವನಿಗೆ ಗೊತ್ತಿರಲಿಲ್ಲ. ಯಾರೋ ನನಗೇ ಟೋಪಿ ಹಾಕಿದರೇನೋ ಎಂದು ಲೆಕ್ಕ ಹಾಕಿದೆ. ಹಾಕಬಲ್ಲವನು ಈ ಊರಲ್ಲಿ ನಾನೊಬ್ಬನೇ. ಒಂದೊಂದು ಸಲ, ನಾನೇ ಎಲ್ಲಾದರೂ ಮರೆವಿನಲ್ಲಿ ಮಾಡಿದೆನೇ ಎಂದು ನನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡಿದ್ದುಂಟು.

ಎರಡು ವರ್ಷ ಕಳೆದು, ಪದ್ಮಾ ಮನೆ ಖಾಲಿ ಮಾಡಿ ತಂಗಿಯ ಬಳಿಗೆ ಹೊರಟಳು. ಹೊರಡುವ ದಿನ, ಟ್ಯಾಕ್ಸಿಯನ್ನು ಕೆಳಗೆ ನಿಲ್ಲಿಸಿ, ಒಬ್ಬಳೇ ನನ್ನ ಬಾಗಿಲಿಗೆ ಬಂದಳು. ಒಳಗೆ ಬಾ ಅಂದರೆ ಬರಲಿಲ್ಲ.

"ಅಣ್ಣ, ಇದೊಂದ್ಸಲ ನಿಜ ಹೇಳಿ. ಆ ಮಣ್ಣು ಮೆತ್ತಿದ್ದು ನೀವೇ ಅಲ್ವಾ?"

ಜನರ ಮುಖ ನೋಡಿ ಅವರಿಗೇನು ಬೇಕು ಎಂದು ಓದುವುದೇ ನನ್ನ ವಿದ್ಯೆ. ಅವತ್ತು ಓದಲಾಗಲಿಲ್ಲ. ಹೌದು ಎಂದರೆ, ಆಸ್ಪತ್ರೆಯ ಮಂಚದಲ್ಲಿ ನರಳಿ ಸತ್ತವನಷ್ಟೇ ಅವಳಿಗೆ ಉಳಿಯುತ್ತಾನೆ. ಅಲ್ಲ ಎಂದರೆ, ಅವಳನ್ನು ಬಿಟ್ಟು ಒಬ್ಬನೇ ಹೋಗಿಬಂದವನು.

"ಅಲ್ಲಮ್ಮ. ನಾನಲ್ಲ."

ಅವಳ ಕಣ್ಣು ತುಂಬಿತು. ತುಟಿ ನಡುಗಿದ್ದು ಅಳುವಿಗೋ ನಗುವಿಗೋ ತಿಳಿಯಲಿಲ್ಲ.

"ನೀವು ಮಾಡಿದ್ರೂ ಹೀಗೇ ಹೇಳ್ತಿದ್ರಿ ಅಲ್ವಾ ಅಣ್ಣ?" ಎಂದಳು.

ಕೆಳಗಿನಿಂದ ಟ್ಯಾಕ್ಸಿಯವನು ಹಾರನ್ನು ಹೊಡೆದ. ಮೆಟ್ಟಿಲಿಳಿದು ಹೋದಳು.