ಗುರುವಾರದ ರೋಗಿ

ಮಧುವನಹಳ್ಳಿಯ ಆ ಮನೆಗೆ ಇಬ್ಬರು ಸೊಸೆಯರು. ಇಬ್ಬರೂ ಕೊಳ್ಳೇಗಾಲದ ಒಂದೇ ಕಾಲೇಜಿನಲ್ಲಿ ಬಿ.ಎ. ಓದಿದವರು. ಕಿರಿಯವಳು ನಾಗಶ್ರೀ ಕನ್ನಡ ಮೇಡಮ್ ಆದಳು. ಹಿರಿಯವಳು ಮಾಲಿನಿ ಮನೆಯಲ್ಲಿ ಉಳಿದಳು.

ನಾಗಶ್ರೀ ಪಾಠ ಹೇಳುತ್ತಿದ್ದುದು ಶಾಲೆಯ ಮಕ್ಕಳಿಗಲ್ಲ, ಡಾಕ್ಟರಾಗಲು ಕೇರಳ, ಬಿಹಾರ, ರಾಜಸ್ಥಾನದಿಂದ ಬಂದವರಿಗೆ. ಹಳ್ಳಿ ಜನರ ಕಾಯಿಲೆ ನೋಡಿ ಕಲಿಯಲೆಂದು ಅವರನ್ನು ಕೊಳ್ಳೇಗಾಲದ ತರಬೇತಿ ಕೇಂದ್ರಕ್ಕೆ ಕಳಿಸುತ್ತಿದ್ದರು. ಎಲ್ಲಿ ನೋವು, ಎಷ್ಟು ದಿನದಿಂದ, ಬಾಯಿ ತೆಗೀರಿ, ಉಸಿರು ಎಳ್ಕೊಳ್ಳಿ ಎಂಬುದನ್ನೆಲ್ಲ ಅವರ ನಾಲಿಗೆಗೆ ಹತ್ತಿಸುವುದು ನಾಗಶ್ರೀಯ ಕೆಲಸ.

ಅವಳು ಬೆಳಗಿನ ಬಸ್ಸು ಹಿಡಿಯಬೇಕೆಂದರೆ ಮಾಲಿನಿ ಕತ್ತಲಿರುವಾಗಲೇ ಏಳಬೇಕು. ರೇಷ್ಮೆ ಹುಳಕ್ಕೆ ಸೊಪ್ಪು, ಹಸುವಿಗೆ ಹಿಂಡಿ, ಅತ್ತೆಗೆ ಕಾಫಿ, ಗಂಡಸರಿಗೆ ತಿಂಡಿ, ಕೊನೆಗೆ ನಾಗಶ್ರೀಯ ಡಬ್ಬಿ. ಸಂಜೆ ಆ ಡಬ್ಬಿಯನ್ನು ತೊಳೆಯುವಾಗ ತಾನು ಕಟ್ಟಿದ ಚಿತ್ರಾನ್ನ ಅರ್ಧಕ್ಕರ್ಧ ಉಳಿದಿರುತ್ತಿತ್ತು. "ಉಡುಗ್ರು ಬಿರ್ಯಾನಿ ತರ್ಸಿದ್ರು ಅಕ್ಕ," ಎನ್ನುತ್ತಿದ್ದಳು ನಾಗಶ್ರೀ. ರಾತ್ರಿ ಅವಳ ಫೋನಿನಲ್ಲಿ ಹುಡುಗಿಯರ ದನಿ ಬರುತ್ತಿತ್ತು: "ಟೀಚರ್, ಊಟ ಆಯ್ತಾ?" ಆ ಮನೆಯಲ್ಲಿ ಮಾಲಿನಿಯನ್ನು ಯಾರೂ ಹಾಗೆ ಕೇಳಿದವರಲ್ಲ. ಕೇಳುವುದೇನು, ಬಡಿಸುವವಳು ಅವಳೇ.

ಓರಗಿತ್ತಿಯ ಸೀರೆಯನ್ನಾಗಲಿ ಚೀಲವನ್ನಾಗಲಿ ಕಂಡು ಅವಳು ಕರುಬಲಿಲ್ಲ. ಅವಳು ಕರುಬಿದ್ದು ಬಾಗಿಲಲ್ಲಿ ಬಿಟ್ಟ ಚಪ್ಪಲಿ ಕಂಡು. ಅದಕ್ಕೆ ದಿನವೂ ಪೇಟೆಯ ಧೂಳು ಮೆತ್ತಿರುತ್ತಿತ್ತು.

ಕೇಂದ್ರಕ್ಕೆ ಇನ್ನೊಬ್ಬ ಮೇಡಮ್ ಬೇಕಂತೆ ಎಂದು ತಿಳಿದಾಗ ಮಾಲಿನಿ ನಾಚಿಕೆ ಬಿಟ್ಟು ಕೇಳಿದಳು. "ಏಳಿ ನೋಡ್ತೀನಿ ಅಕ್ಕ," ಎಂದಳು ನಾಗಶ್ರೀ. ಕೆಲಸ ಯಳಂದೂರಿನ ದೀಪಶ್ರೀ ಎಂಬುವಳಿಗೆ ಆಯಿತು.

ಯಾಕೆಂದು ತಿಳಿದದ್ದು ಊಟದ ಹೊತ್ತಿನಲ್ಲಿ, ನಾಗಶ್ರೀಯ ಗಂಡ, ಮೈದುನ ಶಾಂತಮೂರ್ತಿಯ ಬಾಯಿಂದ. "ನಿಮ್ಮೆಸ್ರು ಏಳಾವು ಅಂತಿದ್ಲು ಅತ್ಗೆ. ಆಮೇಕೆ ಬ್ಯಾಡ ಅಂತ ಬುಟ್ಲು. ನೀವೂ ಓಗ್ಬುಟ್ರೆ ಈ ಮನೆ ನಡೆದಾತಾ?"

ಅವನು ಅದನ್ನು ಹೊಗಳಿಕೆಯೆಂದೇ ಹೇಳಿದ. ಹೇಳಿ ತಟ್ಟೆ ಮುಂದೆ ಮಾಡಿದ. ಮಾಲಿನಿ ಇನ್ನೊಂದು ಮುದ್ದೆ ಇಟ್ಟಳು.

ಆ ವಾರವೇ ನಾಗಶ್ರೀ ಬಂದು ಪಕ್ಕದಲ್ಲಿ ಕೂತಳು. ಹುಡುಗರಿಗೆ ಗುರುವಾರ ಪರೀಕ್ಷೆ. ರೋಗಿಯ ಹಾಗೆ ನಟಿಸಲು ಒಬ್ಬರು ಬೇಕು. "ಒಟ್ಟೆನೋವು ಅಂತ ಏಳಿದ್ರೆ ಸಾಕು ಅಕ್ಕ. ನಿಂಗೂ ಒಸಿ ಬ್ಯಾಸ್ರ ಕಳೀತದೆ."

"ಬತ್ತೀನಿ," ಎಂದಳು ಮಾಲಿನಿ. ಬಂದಳು ಕೂಡ, ಅತ್ತೆ ಶಿವರತ್ನಮ್ಮನನ್ನು ಕರೆದುಕೊಂಡು. ಅತ್ತೆಗೆ ನಾಟಕದ ಸುದ್ದಿ ಹೇಳಿರಲಿಲ್ಲ. ಹೊಟ್ಟೆನೋವು, ಆಸ್ಪತ್ರೆಗೆ ಹೋಗಬೇಕು ಎಂದಷ್ಟೇ ಹೇಳಿದ್ದಳು. ಈ ಕಡೆ ಸೊಸೆ ಆಸ್ಪತ್ರೆಗೆ ಹೊರಟರೆ ಅತ್ತೆ ಜೊತೆಗೆ ಹೊರಡುವುದು ಮಾಮೂಲು. ಡಾಕ್ಟರ ಮುಂದೆ ಮಾತಾಡುವುದೂ ಅತ್ತೆಯೇ. ನಾಗಶ್ರೀಯ ಪಾಠದಲ್ಲಿ ರೋಗಿಯಿದ್ದಳು, ಅತ್ತೆ ಇರಲಿಲ್ಲ. ಮಾಲಿನಿಗೆ ಅದು ಗೊತ್ತಿತ್ತು.

ಕೇರಳದ ಹುಡುಗಿಯೊಬ್ಬಳು ಎದುರಿಗೆ ಕೂತಳು. ಹಿಂದೆ ಕೇಂದ್ರದ ಡಾಕ್ಟರು ಪದ್ಮಿನಿ, ಅವರ ಪಕ್ಕ ನಾಗಶ್ರೀ.

"ಎಲ್ಲಿ ನೋವು, ಅಮ್ಮಾ?" ಹುಡುಗಿ ಮಾಲಿನಿಯನ್ನು ಕೇಳಿದಳು.

"ಒಟ್ಟೇಲಿ ಕಣವ್ವ," ಎಂದರು ಶಿವರತ್ನಮ್ಮ.

"ಎಷ್ಟು ದಿನದಿಂದ?"

"ಮೊನ್ನೆಯಿಂದ ಅಂತಳೆ. ನಾ ಕಂಡಂಗೆ ನೆನ್ನೆ ಮುದ್ದೆ ಚೆಂದಾಗೇ ಉಂಡ್ಲು."

"ನೀವು ಹೇಳಿ ಅಮ್ಮಾ. ಊಟ ಸರಿಯಾಗಿ ಮಾಡ್ತೀರಾ?"

"ಅವಳೇನೇಳಾಳು? ನಮ್ಮನೇಲಿ ಉಣ್ಣಕ್ಕೆ ಏನವ್ವ ಕಮ್ಮಿ? ನೀನ್ಯಾವೂರ್ ಕೂಸು? ಮದ್ವೆ ಆಗದಾ?"

ಹುಡುಗಿ ತನ್ನ ಊರು ಹೇಳಿದಳು, ಮದುವೆ ಆಗಿಲ್ಲ ಎಂದಳು, ಮುಂದಿನ ಪ್ರಶ್ನೆ ಮರೆತಳು. ಉಳಿದವರು ಕಿಸಕ್ಕನೆ ನಕ್ಕರು. ನಾಗಶ್ರೀಯ ಮುಖ ಕೆಂಪಗಾಯಿತು. "ಅತ್ತೆ, ನೀವು ಆಚೆ ಕೂತ್ಕಳಿ!"

"ಯಾಕವ್ವ? ನನ್ ಸೊಸೆ ನೋವು ನಾ ಏಳ್ಬಾರ್ದಾ?"

ಮಾಲಿನಿ ಓರಗಿತ್ತಿಯ ಪೇಚಾಟವನ್ನು ಬೆಲ್ಲದ ಹಾಗೆ ಚಪ್ಪರಿಸಿದಳು. ಸಾಕಷ್ಟು ಸವಿದ ಮೇಲೆ ಬಾಯಿ ಬಿಟ್ಟಳು. "ಅತ್ತೆ, ನಿಮ್ಗೆ ತಲೆ ಸುತ್ತದೆ ಅಂತಿದ್ರಲ್ಲ. ಪಕ್ಕದ್ ರೂಮಲ್ಲಿ ಬಿಪಿ ನೋಡ್ತಾರೆ, ನೋಡಿಸ್ಕ ಬನ್ನಿ."

ಶಿವರತ್ನಮ್ಮ ಸೆರಗು ಸರಿಮಾಡಿಕೊಂಡು ಖುಷಿಯಿಂದಲೇ ಎದ್ದು ಹೋದರು.

"ಬೇಕಂತಲೇ ಕರ್ಕೊಂಡು ಬಂದ್ರಾ?" ಪದ್ಮಿನಿ ಕೇಳಿದರು.

"ಊ ಮೇಡಮ್. ಒಬ್ಳೇ ಬರೋ ಸೊಸೇರು ನಿಮ್ಗೆಲ್ ಸಿಕ್ಕಾರು? ಅತ್ತೇರ್ನ ಎದ್ದೋಗಿ ಅಂದ್ರೆ ಆಮೇಕೆ ಮನೇಲಿ ಅನುಭವ್ಸೋಳು ಸೊಸೆ. ಅವ್ರಿಗೂ ಏನಾರ ನೋಡ್ಬೇಕು."

ಪದ್ಮಿನಿ ನಗಲಿಲ್ಲ. "ಮುಂದಿನ ಗುರುವಾರದಿಂದ ನೀವೇ ಬಂದು ಇದನ್ನ ಕಲಿಸ್ತೀರಾ?"

ನಾಗಶ್ರೀ ಥಟ್ಟನೆ ಹೇಳಿದಳು: "ಅಕ್ಕನಿಗೆ ಆಗಲ್ಲ ಮೇಡಮ್. ಮನೆ ಕೆಲಸ..."

"ಆಯ್ತದೆ," ಎಂದಳು ಮಾಲಿನಿ.

ಮನೆಯಲ್ಲಿ ಜಗಳವಾಯಿತು. "ಇಬ್ರೂ ವೊಂಟ್ರೆ ಅಡ್ಗೆ?" ಎಂದ ಮಾಲಿನಿಯ ಗಂಡ ಪರಮೇಶ. ಗೆಲ್ಲಿಸಿದ್ದು ಅತ್ತೆ. ತಾನು ಹೋದದ್ದು ನಾಟಕಕ್ಕೆ ಎಂದು ತಿಳಿದ ಮೇಲೂ ಅವರಿಗೆ ಬೇಜಾರಿಲ್ಲ. "ಡಾಕ್ಟ್ರಮ್ಮ ಬಿಪಿ ನೋಡಕ್ಕೆ ನನ್ನೂ ಕರ್ದವ್ಳೆ. ಸಾರು ಮಾಡಿಕ್ಕಿರ್ತಳೆ, ಮುದ್ದೆ ನೀವೇ ತಿರುವ್ಕಳಿ ಕಣ್ರಲಾ." ಸೊಸೆಯ ಬಿ.ಎ.ಗೆ ಸಿಗದ ಅಪ್ಪಣೆ ಅತ್ತೆಯ ಬಿಪಿಗೆ ಸಿಕ್ಕಿತು.

ಗುರುವಾರ ಪಾಠ ಚೆನ್ನಾಗಿ ನಡೆಯಿತು. ಬಿಡುವಿನಲ್ಲಿ ಪದ್ಮಿನಿ ಮಾಲಿನಿಯನ್ನು ಒಳಗೆ ಕರೆದು ಟೀ ಕೊಟ್ಟರು. "ನಾಗಶ್ರೀ ಅಂಥವರು ಸಿಗೋದು ಕಷ್ಟ. ಈ ಮಕ್ಕಳು ಬಂದಾಗ ‘ನೀರು’ ಅನ್ನೋಕೂ ಬರ್ತಿರಲಿಲ್ಲ," ಎಂದರು. ಮಾಲಿನಿಗೆ ಟೀ ರುಚಿಸಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ನಾಗಶ್ರೀ ಮುಂದಿನ ಸೀಟಿನ ಅತ್ತೆಗೆ ಕೇಳಿಸದ ಹಾಗೆ ಸಣ್ಣ ದನಿಯಲ್ಲಿ ಕೇಳಿದಳು: "ಮೇಡಮ್ ನಿನ್ನ ಒಳಕ್ಕೆ ಕರ್ದಿದ್ರಲ್ಲ ಅಕ್ಕ, ನನ್ ಇಚಾರ ಏನಾದ್ರೂ ಅಂದ್ರಾ?"

ಮಾಲಿನಿ ಅವಳ ಮುಖ ನೋಡಿದಳು. ಮೇಡಮ್ ಹೊಗಳಿದ್ದನ್ನು ಹೇಳಲು ಒಂದೇ ಮಾತು ಸಾಕಿತ್ತು.

"ಏನೂ ಇಲ್ಲ ಕಣೆ. ಆಧಾರ್ ತಗಿ, ಕಂಡಕ್ಟ್ರು ಬಂದ."