ಟವಲು ಹೆಗಲಿಗೇರಿದ ದಿನ

ತೊಗರಿ ರಾಶಿಯ ಮುಂದೆ ದಲ್ಲಾಳಿ ಟವಲು ಹಿಡಿದು ನನ್ನತ್ತ ಕೈ ಚಾಚಿದವನು, ಮುಖ ನೋಡಿ ಸರಕ್ಕನೆ ಹಿಂದೆಳೆದುಕೊಂಡ. ಅರವತ್ತರ ದಶಕದ ತಾಂಡೂರು ಬಜಾರಿನಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟವಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ತಿಳಿಸಬೇಕಿತ್ತು.

“ಹೆಣ್ಮಕ್ಳ ಕೈ ಹೆಂಗ ಹಿಡೀಲ್ರಿ ಅವ್ವಾರ? ಗಂಡಸರನ್ನ ಕಳಸ್ರಿ,” ಎಂದ.

ಕಳಿಸಲು ಯಾರಿದ್ದರು? ಯಜಮಾನರು ತೀರಿಕೊಂಡು ಬೇಳೆ ಗಿರಣಿ ನನ್ನ ತಲೆಯ ಮೇಲೆ ಬಿದ್ದಿತ್ತು. ಅಂದು ತೊಗರಿ ಸಿಗದಿದ್ದರೆ ಗಿರಣಿಗೆ ಬೀಗವೇ. ಸಿಟ್ಟಿನಿಂದ ಕಣ್ಣು ತುಂಬಿತು, ಆದರೂ ಕದಲಲಿಲ್ಲ.

ಅದೇ ರಾಶಿ ಕೊಳ್ಳಲು ವರ್ತಕರ ಸಂಘದ ಅಧ್ಯಕ್ಷರೂ ಬಂದಿದ್ದರು. ಹಾಜಿ ಸಾಹೇಬರೆಂದೇ ನಾವೆಲ್ಲ ಕರೆಯುತ್ತಿದ್ದ ಹಿರಿಯರು. ಅವರು ಟವಲನ್ನು ಕಸಿದು ದಲ್ಲಾಳಿಯ ಹೆಗಲಿಗೇ ಹಾಕಿದರು.

“ಇವತ್ತಿನಿಂದ ಎಲ್ರೂ ಬಾಯಿಲೇ ಸವಾಲ್ ಕೂಗ್ರಿ. ಮೊದಲ ನಾನೇ ಕೂಗ್ತೀನಿ.”

ಅವರು ಕೂಗಿದರು. ನಾನು ಹೆಚ್ಚಿಗೆ ಕೂಗಿದೆ. ಅವರು ಮತ್ತೆ ಏರಿಸಿದರು. ಕನಿಕರವೆಂದು ಬಿಟ್ಟುಕೊಡುವ ಆಸಾಮಿಯಲ್ಲ. ಕೊನೆಗೆ ರಾಶಿ ನನಗೇ ಆಯಿತು. “ಮಾಲ್ ನಿಮ್ದಾತು, ಒಯ್ರಿ,” ಎಂದು ನಕ್ಕರು.

ಇಂದಿಗೂ ಗಿರಣಿ ತಿರುಗುವ ಸದ್ದು ಕೇಳಿದಾಗ ಅವರನ್ನು ನೆನೆದು ಕೈ ಮುಗಿಯುತ್ತೇನೆ. ಆ ರಾಶಿ ಪೆದ್ದೆಮುಲ್ ಕಡೆಯ ರೈತನೊಬ್ಬನದು. ತಾನು ಬೆಳೆದ ತೊಗರಿಯ ಬೆಲೆ ಏರುವುದನ್ನು ಅವನು ಕಿವಿಯಾರೆ ಕೇಳಿದ್ದು ಅಂದೇ ಮೊದಲು. ಮುಂದಿನ ವಾರ ಮಾರಲು ಏನೂ ಇಲ್ಲದಿದ್ದರೂ ಮತ್ತೆ ಬಂದಿದ್ದ, ಹೆಂಡತಿಗೆ ಸವಾಲು ಕೇಳಿಸಲು.